ಪರ

ಚೀಟಿ ಎತ್ತಿದಾಗ ನನಗೆ ಬಂದದ್ದು ‘ಪರ’.
ವಿಷಯ, ಪಾಪಿರೆಡ್ಡಿ ಮೇಷ್ಟ್ರ ಓರೆ ಅಕ್ಷರದಲ್ಲಿ, ಬೋರ್ಡಿನ ತುಂಬ:
ಯುದ್ಧ ಮುಗಿಸಲು ಅಣುಬಾಂಬು ಹಾಕಿದ್ದು ಸರಿ.
ಒಂಬತ್ತನೇ ಕ್ಲಾಸು, ಶಿಡ್ಲಘಟ್ಟ, ಆಗಸ್ಟ್ ತಿಂಗಳು.
ಕಿಟಕಿಯಾಚೆ ರೇಷ್ಮೆಗೂಡು ಬೇಯುವ ವಾಸನೆ.
ಹೊರಗಿನವರು ಮೂಗು ಮುಚ್ಚುತ್ತಾರೆ,
ನಮಗೆ ಅದು ಬರೀ ಗಾಳಿ.

ಪಾಯಿಂಟು ಬೇಕಿತ್ತು. ದಾದಾನ ಹತ್ತಿರ ಹೋದೆ.
ಕುದಿನೀರಿಗೆ ಬೆರಳದ್ದಿ ಎಳೆಯ ತುದಿ ಹುಡುಕುತ್ತಾ
ತಲೆ ಎತ್ತದೆಯೇ ಹೇಳಿದ:
‘ಸಿಂಗಾಪುರ. ಮೂರೂವರೆ ವರ್ಷ ಕೈದಿ.
ಕೊನೇ ತಿಂಗಳು ನಮ್ಮ ಗುಂಡಿ ನಾವೇ ತೋಡಿದ್ವಿ,
ಅಳತೆ ಕೊಟ್ಟಿದ್ರು, ಸರಿಯಾಗೇ ತೋಡಿದ್ವಿ.
ಒಂದಿನ ಬೆಳಿಗ್ಗೆ ಕಾವಲಿನವನು ಬರಲಿಲ್ಲ.
ಅಷ್ಟೇ. ಬರ್ಕೊ.’

ಬರಕೊಂಡೆ. ಮೈಕಿನ ಮುಂದೆ ನಿಂತು ಬಾಯಿಪಾಠ ಒಪ್ಪಿಸಿದೆ:
ಮಾನ್ಯ ತೀರ್ಪುಗಾರರೇ,
ಆ ಗುಂಡಿ ಖಾಲಿ ಉಳಿದದ್ದರಿಂದ
ನಾನೀಗ ನಿಮ್ಮ ಮುಂದೆ ನಿಂತಿದ್ದೇನೆ.
ಚಪ್ಪಾಳೆಗೆ ತಗಡಿನ ಸೂರು ಅದುರಿತು.

ವಿರೋಧಕ್ಕೆ ಮುನಿಲಕ್ಷ್ಮಿ. ಎರಡು ಜಡೆ, ಕೀರಲು ದನಿ.
ಅಂಕಿಅಂಶ ಒಂದೂ ತಂದಿರಲಿಲ್ಲ.
‘ಎಂಟೂಕಾಲು ಗಂಟೆ ಸಾರ್. ಬೆಳಿಗ್ಗೆ ಎಂಟೂಕಾಲು.
ನಮ್ಮಮ್ಮ ನನಗೆ ಜಡೆ ಹಾಕೋ ಹೊತ್ತು.
ಒಂದು ಜಡೆ ಆಗಿರುತ್ತೆ, ಇನ್ನೊಂದು...’
ಅಲ್ಲಿಗೆ ಮರೆತಳು. ಬೆಲ್ಲು ಹೊಡೆದರೂ
ಜಡೆ ಹಿಡಿದುಕೊಂಡು ನಿಂತೇ ಇದ್ದಳು.

ಮೊದಲ ಬಹುಮಾನ ನನಗೆ: ಮುಚ್ಚಳದಲ್ಲಿ ಹೆಸರು ಕೊರೆದ
ಸ್ಟೀಲಿನ ಊಟದ ಡಬ್ಬಿ.
ದಾದಾ ಅದನ್ನು ಒಮ್ಮೆ ತಟ್ಟಿ ನೋಡಿ, ‘ಗಟ್ಟಿ ಐತೆ’ ಅಂದ.

ಆ ಚಳಿಗಾಲ ರೇಷ್ಮೆ ಇಲಾಖೆ ಜೀಪಿನಲ್ಲಿ
ಜಪಾನಿನವನೊಬ್ಬ ಬಂದ. ಹೊಸ ತಳಿಯ ಗೂಡು ನೋಡಲು.
‘ನಾಗಾ...’ ಎಂದೇನೋ ಊರ ಹೆಸರು ಹೇಳಿದ, ನನಗೆ ಎದೆ ಧಸಕ್ಕೆಂದಿತು.
‘ನಾಗಾಸಾಕಿ ಅಲ್ಲಮ್ಮ, ನಾಗಾನೊ’, ನಕ್ಕರು ಇನ್ಸ್‌ಪೆಕ್ಟರು,
‘ಅದೂ ನಮ್ಮ ಹಾಗೇ ರೇಷ್ಮೆ ಸೀಮೆ.’
ದಾದಾನ ಪಕ್ಕ ಕುಕ್ಕರಗಾಲಲ್ಲಿ ಕೂತು
ಮೊದಲ ಸಲಕ್ಕೇ ಎಳೆಯ ತುದಿ ಹಿಡಿದ.
ದಾದಾಗೆ ಖುಷಿಯಾಗಿ ಅವನ ಭಾಷೆಯಲ್ಲಿ ಎಣಿಸತೊಡಗಿದ:
ಇಚಿ, ನಿ, ಸಾನ್, ಶಿ...
ಅವನೂ ನಕ್ಕ, ತಲೆಯಾಡಿಸಿದ, ಜೊತೆಗೂಡಿದ.
ಆದರೆ ದಾದಾನ ದನಿ ಏರುತ್ತಾ ಹೋಯಿತು,
ಬೆನ್ನು ತಾನಾಗಿ ನೆಟ್ಟಗಾಯಿತು, ಗದ್ದ ಮೇಲೆದ್ದಿತು.
ಇದನ್ನು ಎಲ್ಲಿ ಕಲಿತದ್ದೆಂದು
ಅವನಿಗೆ ಹೊಳೆದ ಗಳಿಗೆಯನ್ನು ನಾನು ನೋಡಿದೆ.
ನಗು ಬಾಯಲ್ಲೇ ಉಳಿದು ಕಣ್ಣಿಂದ ಹೋಯಿತು.
ಅಮ್ಮಿ ಚಹಾ ತಂದಳು. ಇಬ್ಬರೂ ಊದಿಕೊಂಡು ಕುಡಿದರು.
ಬಾಣಲೆಯಲ್ಲಿ ನೂಲು ಕಳಚಿದ ಹುಳುಗಳು
ಕಂದುಬಣ್ಣಕ್ಕೆ, ಒಂದರ ಮೇಲೊಂದು.

ಪರ ಅಂದರೆ ಅನ್ಯರು ಅಂತಲೂ ಅರ್ಥ.
ನಿಘಂಟಿನಲ್ಲಿ ನೋಡಿದ್ದು ಬಹಳ ಆಮೇಲೆ,
ನಾನೇ ಮೇಷ್ಟ್ರಾಗಿ ಚೀಟಿ ಮಡಚುವ ಹೊತ್ತಿಗೆ.
ವಾದ ಈಗಲೂ ಸೋತಿಲ್ಲ ನಾನು. ಗುಂಡಿ ಖಾಲಿ ಉಳಿದದ್ದು ನಿಜ,
ನಾನು ಇರುವುದು ನಿಜ.
ಡಬ್ಬಿ ಮಾತ್ರ ಶಾಲೆಗೆ ಒಯ್ಯಲಾಗಲಿಲ್ಲ,
ಮುಚ್ಚಳ ತೆಗೆದರೆ ಒಂದೇ ಜಡೆ.

ದಾದಾ ಸಾಯುವ ವರ್ಷ ನಿದ್ದೆಯಲ್ಲೂ ಹಾಜರಿ ಕೂಗುತ್ತಿದ್ದ.
ತನ್ನ ನಂಬರು ಮೂವತ್ತೇಳು,
ಜೋರಾಗಿ ಹೇಳಿ ಕಾಯುತ್ತಿದ್ದ.
ಮೂವತ್ತೆಂಟು ಯಾರೆಂದು ನಾವು ಕೇಳಿರಲಿಲ್ಲ.
ಅದು ನನ್ನ ಪಾಯಿಂಟುಗಳಲ್ಲಿ ಇರಲಿಲ್ಲ.
ಕತ್ತಲಲ್ಲಿ ಚರಕದ ಹಲ್ಲು ಒಣಗುವ ಸದ್ದು.
ಮತ್ತೆ ಅವನೇ, ಇನ್ನಷ್ಟು ಜೋರಾಗಿ: ಮೂವತ್ತೇಳು.