ಮಟ್ಟ

ಬೀದಿಯಲ್ಲಿ ಫಲಕವೇ ಇಲ್ಲ. ಹಿತ್ತಾಳೆಯದೊಂದು ಹಿಡಿಕೆ,
ಅದರ ಮೇಲೆ ಹೆಬ್ಬೆರಳಷ್ಟು ದೀಪ.
ಹೋಟೆಲಿನ ಹುಡುಗ ಬರೆದುಕೊಟ್ಟ ನಕ್ಷೆಯನ್ನು
ತಲೆಕೆಳಗಾಗಿ ಹಿಡಿದು ಎರಡು ಸಲ ದಾಟಿಹೋಗಿದ್ದೆ.

ಮೇಲೆ ಏಳೇ ಕುರ್ಚಿ. ಈ ತುದಿಯಿಂದ ಆ ತುದಿಗೆ ಒಂದೇ ಹಲಗೆ.
ಮೊಣಕೈ ಊರಲು ಹೆದರಿಕೆ,
ಯಾರದೋ ದೇವರಕೋಣೆಗೆ
ಬೂಟು ಹಾಕಿಕೊಂಡೇ ನುಗ್ಗಿದವನ ಹಾಗೆ.

ಪಟ್ಟಿ ಕೊಟ್ಟರು. ಬೆಲೆಯನ್ನು ರೂಪಾಯಿಗೆ ತಿರುಗಿಸಿದೆ.
ತಿರುಗಿಸಬಾರದಿತ್ತು.
ಎರಡು ಬೆರಳು ವಿಸ್ಕಿಗೆ
ಅರ್ಧ ಹಾರ್ಸ್‌ಪವರಿನ ಒಂದು ಮೋಟರು.
ಪಂಪು ಮಾರುವವನ ಲೆಕ್ಕ ಇಷ್ಟೇ;
ಕನಜಾವದ ಮೇಳಕ್ಕೆ ಬಂದದ್ದೂ ಅದಕ್ಕೇ.

ತ್ಸುರುಮಿ ಸಾನ್‌ಗೆ ಎಪ್ಪತ್ತು ದಾಟಿದೆ. ಬಿಳಿ ಕೋಟು.
ಬಿರಡೆ ತೆಗೆದರೆ ಸದ್ದೇ ಇಲ್ಲ,
ನಿದ್ದೆಹೋದ ಮಗುವಿನ ಮುಷ್ಟಿಯಿಂದ
ಬಳಪ ಬಿಡಿಸಿಕೊಂಡಷ್ಟು ಮೆಲ್ಲಗೆ.

ಹೊಗೆ. ಸುಟ್ಟ ಕಿತ್ತಳೆಸಿಪ್ಪೆ. ಆಮೇಲೆ,
ಹೇಗೆ ಹೇಳಲಿ, ಒದ್ದೆ ಗೋಣಿಚೀಲ.
ಹೇಳಲಿಲ್ಲ. ಚೆನ್ನಾಗಿದೆ ಎಂದೆ.

ಗೋಡೆಯ ತುಂಬ ಬಾಟಲಿ, ಕೊರಳಿಗೊಂದು ಚೀಟಿ.
ಗಿರಾಕಿಗಳವು, ಎಂದ ಪಕ್ಕದ ಹಲ್ಲಿನ ಡಾಕ್ಟರು ಇಗರಾಶಿ.
ಕೊಂಡು ಇಲ್ಲೇ ಇಡುತ್ತಾರೆ, ಬಂದಾಗ ಕುಡಿಯುತ್ತಾರೆ.
ಮೂಲೆಯದು ಒಕುನೊ ಅವರದು. ಸೇತುವೆ ಕಟ್ಟುತ್ತಿದ್ದರು.
ತೀರಿಕೊಂಡು ಹನ್ನೊಂದು ವರ್ಷ.

ಚಳಿಗಾಲಕ್ಕೊಮ್ಮೆ ಹೆಂಡತಿ ಬರುತ್ತಾರೆ.
ಜಾಗದ ಬಾಡಿಗೆ ಕಟ್ಟಿ, ಒಂದು ಲೋಟ ಬಾರ್ಲಿ ಚಹಾ ಕೇಳುತ್ತಾರೆ.
ತ್ಸುರುಮಿ ಸಾನ್ ಬಾಟಲಿ ಇಳಿಸಿ, ಒರೆಸಿ, ಎದುರಿಗಿಟ್ಟು,
ಸ್ವಲ್ಪ ಹೊತ್ತು ಬಿಟ್ಟು
ಮತ್ತೆ ಮೇಲಿಡುತ್ತಾರೆ.
ಅಷ್ಟೇ.

ಮುಚ್ಚಳ ಬಿಗಿಯಾಗೇ ಇದೆ. ಆದರೂ ಇಷ್ಟು ಇಳಿದಿದೆ,
ಡಾಕ್ಟರು ಉಗುರಿನ ಅಂಚು ತೋರಿಸಿದ.
ಗಾಳಿಯೆಂದು ಆಕೆಗೂ ಗೊತ್ತು.
ಗೊತ್ತಿದ್ದೂ ಪ್ರತಿಸಲ ಬಾಟಲಿಗೆ ಬೈಯುತ್ತಾರಂತೆ:
ಇನ್ನೂ ಬಿಟ್ಟಿಲ್ಲವಾ ನೀನು?

ದೊಡ್ಡಪ್ಪ ನೆನಪಾದ.
ಹಿರಿಯರ ಹಬ್ಬದ ಎಡೆಯಲ್ಲಿ ಕೋಳಿಸಾರಿನ ಪಕ್ಕ
ಅವನದೊಂದು ಕ್ವಾರ್ಟರು, ಮುಚ್ಚಳ ತಿರುವಿ ಸಡಿಲ ಬಿಟ್ಟು.
ಕಡೆಕಡೆಗೆ ಬೆರಳಲ್ಲಿ ಶಕ್ತಿ ಇರಲಿಲ್ಲ ಪಾಪ, ಅನ್ನುತ್ತಿದ್ದಳು ದೊಡ್ಡಮ್ಮ.
ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕೂರುತ್ತಿದ್ದೆವು.
ತೆರೆದು ನೋಡಿದರೆ ಎರಡು ಬೆರಳು ಇಳಿದಿರುತ್ತಿತ್ತು.
ಚಿಕ್ಕಪ್ಪ ಹಿಂಬಾಗಿಲಿಂದ ಹೋದದ್ದನ್ನು ನಾನು ನೋಡಿದ್ದೆ.
ಹೇಳಲಿಲ್ಲ.
ದೊಡ್ಡಮ್ಮನೂ ನೋಡಿದ್ದಳು.

ಇದನ್ನು ಇಗರಾಶಿಗೆ ಹೇಳಹೋದೆ. ಎಡೆಗೆ ಇಂಗ್ಲಿಷಿಲ್ಲ.
ಕ್ವಾರ್ಟರ್ ಎಂದರೆ ಯಾವುದರ ಕಾಲುಭಾಗ ಎಂದು ಕೇಳಿದ.
ಕಾಗದದ ಕರವಸ್ತ್ರದ ಮೇಲೆ ಬಾಳೆಲೆ ಬರೆದೆ,
ಓ, ದೋಣಿ! ಎಂದ.
ತ್ಸುರುಮಿ ಸಾನ್ ಕೂಡ ಬಗ್ಗಿ ನೋಡಿ ತಲೆಯಾಡಿಸಿದರು.
ದೋಣಿಯೇ ಆಗಲಿ ಎಂದು ಬಿಟ್ಟೆ.

ಏಳುವಾಗ ಒಂದು ಗುಟುಕು
ಲೋಟದಲ್ಲೇ ಉಳಿಸಿ ಹೋಗಬೇಕೆನಿಸಿತು, ದೊಡ್ಡಪ್ಪನ ಹೆಸರಲ್ಲಿ.
ಅರ್ಧ ಹಾರ್ಸ್‌ಪವರು ಕಣ್ಣೆದುರು ಬಂತು.
ಕುಡಿದೆ.
ಬಿಟ್ಟಿದ್ದರೆ ಅವನೇ ಬೈಯುತ್ತಿದ್ದ.