ಸೊನ್ನೆ ಸೊನ್ನೆ ನಲವತ್ತು

ತಲೆಗೆ ಹರಳೆಣ್ಣೆ ಬಡಿದುಕೊಂಡು ಕೂತಿದ್ದೆ,
ನಾಳೆ ಎರೆದುಕೊಂಡರಾಯಿತೆಂದು.
ಕಟ್ಟೆಯ ಮೇಲೆ ಹಾಲಿಗೆ ಹೆಪ್ಪು ಹಾಕಿದ್ದೆ,
ನಾಳೆ ರೊಟ್ಟಿಗೆ ಬೇಕಲ್ಲ ಎಂದು.
ಹದಿನಾಲ್ಕನೆಯ ತಾರೀಖು ಇಡಿಯಾಗಿ ನನ್ನದಿತ್ತು,
ಸೇಡಮ್ಮಿನ ಈ ಎರಡು ಕೋಣೆಯಲ್ಲಿ.

ಚಾಂದಪಾಷಾ ಬಂದದ್ದು ಡೀಸೆಲ್ಲಿಗೆ ಮುಂಗಡ ಕೇಳಲು.
ಟಿಕೆಟ್ಟು ಹಿಡಿದು ನೋಡಿದ. ಬಲ್ಬಿನ ಕೆಳಗೆ ಒಯ್ದು ನೋಡಿದ.
"ಟೀಚರ್, ಹದಿನಾಲ್ಕಕ್ಕ ಸೊನ್ನಿ ಸೊನ್ನಿ ನಲವತ್ತು ಅಂತ ಅದ.
ಅಂದ್ರ ಇವತ್ತು ರಾತ್ರಿ ಅಲ್ಲೇನ್ರಿ?"

ಏಳೂ ಕಾಲು.
ಮೂವತ್ತೊಂದು ವರ್ಷ ಭೂಗೋಳ ಕಲಿಸಿದವಳು ನಾನು,
ಕುಂಬಳಕಾಯಿಗೆ ದಾರ ಸುತ್ತಿ ರೇಖಾಂಶ ತೋರಿಸಿದವಳು.
ದಿನ ಹುಟ್ಟುವುದು ನಡುರಾತ್ರಿಗೆ,
ಸೂರ್ಯನನ್ನು ಕೇಳಿ ಅಲ್ಲ,
ಎಂದು ಬರೆಸಿ ಬರೆಸಿ ಬಳಪ ಸವೆಸಿದವಳು.
ಇವನಿಗೆ ಸಮಾಜದಲ್ಲಿ ಎರಡು ಸಲ
ಹದಿನೇಳು ಅಂಕ ಹಾಕಿದವಳೂ.

ಸೀರೆ ಬದಲಿಸಲಿಲ್ಲ. ಕೀಲಿ ನಾನು ಹಾಕಿದೆನೋ
ಅವನು ಹಾಕಿದನೋ ನೆನಪಿಲ್ಲ.
ಕುರಕುಂಟಾ ದಾಟಿದರೆ ರೈಲ್ವೆ ಗೇಟು ಬಿದ್ದಿದೆ.
ಸಿಮೆಂಟಿನ ಗೂಡ್ಸು, ಎಣಿಸಿದೆ, ಐವತ್ತೆಂಟು ಡಬ್ಬಿ,
ಒಂದಕ್ಕಾದರೂ ಅವಸರವಿಲ್ಲ.
ಅವನು ಇಂಜಿನ್ ಆರಿಸಿ ಕೇಳಿದ:
"ಫಿಜಿದಾಗ ನಿಮ್ಮವರು ಯಾರದಾರ್ರಿ?"
ಯಾರೂ ಇಲ್ಲ.
"ಮತ್ತ?"
ಒಂದು ಗೆರಿ ಅದ, ನೋಡಬೇಕು.
ಅವನು ನಗಲಿಲ್ಲ. ಅದಕ್ಕೇ ಹೇಳಿದೆ:
ಹಲಗೆಯ ಮೇಲೆ ಅದನ್ನು ಎಷ್ಟು ಸಲ ಎಳೆದಿದ್ದೇನೆ,
ಬಲಗಡೆ ನಿನ್ನೆ, ಎಡಗಡೆ ಇವತ್ತು.
ದ್ವೀಪ ಬಂದಲ್ಲಿ ಆ ಗೆರೆ ಬಾಗಬೇಕು ಪಾಷಾ,
ಇಲ್ಲದಿದ್ದರೆ ಒಂದೇ ಊರಿನಲ್ಲಿ
ಅಣ್ಣನ ಮನೆಗೆ ಸೋಮವಾರ, ತಮ್ಮನ ಮನೆಗೆ ಭಾನುವಾರ.
"ಹಂಗಾದ್ರ ಭಾಗಾ ಆದವ್ರಿಗೆ ಚಲೋ ಆಗ್ತಿತ್ರಿ," ಅಂದ.
ಗೇಟು ಎದ್ದಿತು.

ಆಮೇಲಿನ ದಾರಿ ನನಗೆ ಗೊತ್ತಿಲ್ಲ, ಕಣ್ಣು ಮುಚ್ಚಿದ್ದೆ.
ಶಂಶಾಬಾದಿನ ಗಾಜಿನ ಬಾಗಿಲಲ್ಲಿ ಅವನನ್ನು ತಡೆದರು.
ಪೆಟ್ಟಿಗೆ ನನ್ನ ಕೈಗೆ ಬಂತು, ಅದರ ಒಂದು ಗಾಲಿ ಮೊದಲೇ ಕುಂಟು.
ಕೌಂಟರಿನ ಹುಡುಗಿ ದೀಪ ಆರಿಸುತ್ತಿದ್ದಳು.
ನನ್ನ ಎಣ್ಣೆ ಇಳಿದ ಹಣೆ ನೋಡಿದಳು, ಹರಕು ಬ್ಲೌಸಿನ ತೋಳು ನೋಡಿದಳು,
ಯಾರನ್ನು ನೆನೆದಳೋ,
"ಪರುಗೆತ್ತು ಅಮ್ಮಾ" ಅಂದಳು.
ಆ ತೆಲುಗು ತಲೆಗಿಂತ ಮೊದಲು ಕಾಲಿಗೆ ತಿಳಿಯಿತು.
ಮಧ್ಯದಲ್ಲಿ ಒಬ್ಬ ಅಗಸಿ ಹಿಂಡಿಯ ಪೊಟ್ಟಣ ಬಿಚ್ಚಿ ಮೂಸಿದ,
ಸೀನಿದ, ಹೋಗು ಅಂದ.

ಕೂತ ಮೇಲೆ ಬಹಳ ಹೊತ್ತು
ಎದೆ ಸಿಂಗರ್ ಮಷಿನ್ನಿನ ಹಾಗೆ ಓಡಿತು.
ಕೆಳಗೆ ಹೈದರಾಬಾದು ಚೆಲ್ಲಿದ ಸಜ್ಜೆ.
ಆಗ ನೆನಪಾಯಿತು, ಹೆಪ್ಪು.

ಸಿಂಗಾಪುರದಲ್ಲಿ ವಿಮಾನ ಬದಲಿಸಿದೆ.
ಆಮೇಲೆ ಹತ್ತು ತಾಸು ನೀರು.
ಎದುರಿನ ಪುಟ್ಟ ಪರದೆಯಲ್ಲಿ ಪುಟ್ಟ ವಿಮಾನ
ಭೂಮಧ್ಯರೇಖೆಯ ಹತ್ತಿರ ಬಂತು.
ಸುತ್ತ ಎಲ್ಲರೂ ಬಾಯಿ ತೆರೆದು ಮಲಗಿದ್ದಾರೆ.
ಹೇಳುವುದಕ್ಕೆ ಒಂದು ಮಗುವಾದರೂ ಎದ್ದಿರಬಾರದಿತ್ತೇ?
ಹೊಸ್ತಿಲು ತುಳಿಯಬಾರದಲ್ಲ,
ಕಂಬಳಿಯ ಒಳಗೇ ಎರಡೂ ಕಾಲು ಎತ್ತಿದೆ,
ದಾಟಿತು ಅನ್ನಿಸಿದ ಮೇಲೆ ಇಳಿಸಿದೆ.

ತಲೆ ಆನಿಸಿದ ಬಿಳಿ ಬಟ್ಟೆಯಲ್ಲಿ
ಎಣ್ಣೆಯ ಕಲೆ, ಹೆಚ್ಚುಕಡಿಮೆ ದುಂಡಗೆ.
ತಿಕ್ಕಿ ನೋಡಿದೆ. ಹರಡಿತು.

ಇಳಿದು ಫೋನು ಹಚ್ಚಿದೆ.
ಅಲ್ಲಿ ಬೆಳಗು, ಸೇಡಮ್ಮಿನಲ್ಲಿ ಇನ್ನೂ ನಡುರಾತ್ರಿ.
ಪಾಷಾನ ಸಂದೇಶ ಎಂದೋ ಬಂದು ಕಾಯುತ್ತಿತ್ತು:
"ಟೀಚರ್, ಕೀಲಿ ನನ್ನ ಹತ್ರಾನೇ ಉಳಿದದ.
ಮೊಸರು ಚಲೋ ಹೆಪ್ಪಾಗಿತ್ತು, ನಮ್ಮ ಮನಿಯಾಗ ಉಂಡ್ವಿ.
ಗೆರಿ ಸಿಕ್ತೇನ್ರಿ?"

ಇನ್ನೂ ಇಲ್ಲ, ಎಂದು ಬರೆದೆ.
ತಾರೀಖು ಹಾಕಲು ಹೋಗಿ ಬೆರಳು ನಿಂತಿತು.