ತಣ್ಣಗಾದ ಕಾಫಿಯ ಲೆಕ್ಕ

ಥಂಡರ್ ಬೇ ಊರಿನ ಹನ್ನೊಂದನೇ ನಂಬರಿನ
ಹಿಮ ಗೋರುವ ಲಾರಿ ನನ್ನದು,
ರಾತ್ರಿ ಹನ್ನೊಂದರಿಂದ ಬೆಳಗಿನ ಏಳರವರೆಗೆ.
ಸೀಟಿನಡಿ ಬಿಸ್ಕತ್ತಿನ ಡಬ್ಬಿ,
ಡಬ್ಬಿಯಲ್ಲಿ ಬಿಸ್ಕತ್ತಿಲ್ಲ.
ಹದಿನಾರರ ಹುಡುಗಿಯೊಬ್ಬಳು ಅಲ್ಲಿ,
ನೂರ ಮೂವತ್ತನೇ ಪುಟದಲ್ಲಿ,
ಮನೆಬಿಟ್ಟು ಹೋಗಲು ಚೀಲ ತುಂಬುತ್ತ
ಅರ್ಧಕ್ಕೇ ನಿಂತಿದ್ದಾಳೆ,
ನನ್ನ ಎರಡು ಗಂಟೆಯ ವಿರಾಮಕ್ಕೆ ಕಾದು.

ಸರೋವರದ ದಡ, ಧಾನ್ಯದ ಹಳೇ ಗೋಪುರದ ಕೆಳಗೆ
ಎಂಜಿನ್ ಆರಿಸದೆ ಓದುತ್ತೇನೆ.
ಹೊರಗೆ ಮೈನಸ್ ಮೂವತ್ತೊಂದು.

ಡರ್ವಿನ್ ಕೇಳುತ್ತಾನೆ, ಡಿಪೋದಲ್ಲಿ, ಎಲ್ಲರೆದುರು:
"ಐವತ್ತೆಂಟಾಯಿತು ಐಲಾ,
ನಿನ್ನ ವಯಸ್ಸಿನ ಪುಸ್ತಕ ಸಿಗುವುದಿಲ್ಲವೇ?"
ಸಿಗುತ್ತವಪ್ಪ. ಅವುಗಳಲ್ಲಿ ಜನ
ಕಿಟಕಿಯಾಚೆ ನೋಡುತ್ತ ನಿಟ್ಟುಸಿರು ಬಿಡುತ್ತಾರೆ,
ಎಪ್ಪತ್ತು ಪುಟ.
ಇವುಗಳಲ್ಲಿ ಕಿಟಕಿ ತೆರೆದು
ಹೊರಗೆ ಇಳಿದುಬಿಡುತ್ತಾರೆ.

ನೆಲಮಾಳಿಗೆಯಲ್ಲಿ, ಫರ್ನೇಸಿನ ಪಕ್ಕ,
ನಾನೂರ ಹದಿಮೂರು ಇವೆ.
ಬಹುಪಾಲು ಗ್ರಂಥಾಲಯ ಕೈಬಿಟ್ಟವು,
ವಸಂತದ ಮಾರಾಟದಲ್ಲಿ ಡಾಲರಿಗೊಂದು,
ಬೆನ್ನಿಗೆ ಟೇಪು, ಹಣೆಗೆ 'ರದ್ದು' ಎಂಬ ಕೆಂಪು ಠಸ್ಸೆ.
ಅಕಾರಾದಿ ನನಗೆ ಆಗಿಬರುವುದಿಲ್ಲ.
ತಾಯಿ ಸತ್ತವು ಮೇಲಿನ ಹಲಗೆಗೆ,
ತಂದೆ ಬಿಟ್ಟುಹೋದವು ಅದರ ಕೆಳಗೆ,
ಇಬ್ಬರೂ ಇದ್ದು ಒಟ್ಟಿಗೆ ಊಟಕ್ಕೆ ಕೂರುವ
ಪುಸ್ತಕಗಳು ಆರೇ ಆರು.
ಅವಕ್ಕೆ ಮಾತ್ರ ಗಾಜಿನ ಬಾಗಿಲು.

ಓದಿ ಮುಗಿದ ಮೇಲೆ ಒಂದು ಕಾರ್ಡು,
ಶಾಯಿಯಲ್ಲಿ ಬರೆದು ಕೊನೆಯ ಪುಟಕ್ಕೆ ಸಿಕ್ಕಿಸುತ್ತೇನೆ.
ನಕ್ಷತ್ರ ಕೊಡುವುದಿಲ್ಲ.
ಓದುತ್ತ ಓದುತ್ತ ತಣ್ಣಗಾಗಿಹೋದ
ಕಾಫಿಯ ಲೋಟಗಳನ್ನು ಎಣಿಸುತ್ತೇನೆ.
ಮೂರು ಅಂದರೆ ಬಹಳ ಹೊಗಳಿದಂತೆ.
ಐದು ಕೊಟ್ಟದ್ದು ಒಮ್ಮೆ, ಆ ದಿನ ಸ್ನಾನವೂ ಆಗಲಿಲ್ಲ.

"ಹುಡುಗಿಯ ಕಣ್ಣಿನ ಬಣ್ಣ ಹದಿನೇಳು ಸಲ ಹೇಳಿದ್ದಾರೆ.
ರಾತ್ರಿ ಅವಳು ಏನು ಉಂಡಳೆಂದು ಒಮ್ಮೆಯೂ ಇಲ್ಲ.
ಒಂದು ಲೋಟ."
"ಈ ಹುಡುಗನಿಗೆ ಲಾರಿ ಓಡಿಸಲು ಬರುವುದಿಲ್ಲ,
ಬರೆದವರಿಗೂ. ಅರ್ಧ."

ಎರಡೆರಡು ಪ್ರತಿಗಳಾದಾಗ ಒಂದನ್ನು
ಕಾರ್ಡಿನ ಸಮೇತ ದಾನದ ಪೆಟ್ಟಿಗೆಗೆ ಹಾಕುತ್ತೇನೆ.
ಯಾರು ಓದಿದರು ಅಂತ ಯೋಚಿಸಿದವಳಲ್ಲ.

ಹೋದ ವರ್ಷ ಅಂಥದ್ದೊಂದು ತಿರುಗಿ ಬಂತು.
ರಟ್ಟು ಹರಿದು ಬೇರೆ ರಟ್ಟು ಹಾಕಿದ್ದರು,
ಗುರುತು ಸಿಗದೆ ನಾನೇ ಡಾಲರು ಕೊಟ್ಟು ಕೊಂಡೆ.
ಒಳಗೆ ನನ್ನದೇ ಅಕ್ಷರ:
"ಇಪ್ಪತ್ತನೇ ಅಧ್ಯಾಯದಲ್ಲಿ ಹುಡುಗಿ
ಅಮ್ಮನಿಗೆ ಸುಳ್ಳು ಹೇಳುತ್ತಾಳೆ. ಕಾರಣವೇ ಇಲ್ಲ.
ಬರೆದವರಿಗೆ ಕಥೆ ಮುಂದಕ್ಕೆ ದಬ್ಬಬೇಕಿತ್ತು, ಅಷ್ಟೆ.
ಎರಡು ಲೋಟ."

ಬೆನ್ನಿಗೆ ಪೆನ್ಸಿಲ್ಲಿನಲ್ಲಿ, ಒತ್ತಿ ಒತ್ತಿ ಬರೆದದ್ದು:
"ಕಾರಣ ಇದೆ. ನಿಜ ಹೇಳಿದ್ದರೆ
ಅಮ್ಮ ಕೆಲಸ ಬಿಡಬೇಕಾಗುತ್ತಿತ್ತು.
ನಿಮಗೆ ಯಾರೂ ಹಾಗೆ ಸುಳ್ಳು ಹೇಳಿಲ್ಲವೇ?
ಡಬ್ಲ್ಯು. ಎಂ., ಹದಿನೈದು ವರ್ಷ ಏಳು ತಿಂಗಳು."

ಏಳು ತಿಂಗಳು! ನನಗೆ ನಗು ಬಂತು.
ಆಮೇಲೆ ಬರಲಿಲ್ಲ.

ತೂಲಾ ನನ್ನ ಮಗಳು. ಹನ್ನೆರಡರಲ್ಲಿ ಹೇಳಿದ್ದಳು,
ಸಿಂಕಿನ ಮುಂದೆ, ನನಗೆ ಬೆನ್ನು ಹಾಕಿ:
"ಒಬ್ಬಳೇ ಮಲಗಲು ನನಗೇನು ಭಯ?
ಆರಾಮಾಗಿರುತ್ತೇನೆ, ಹೋಗು."
ರಾತ್ರಿ ಪಾಳಿಗೆ ಸಂಬಳ ಜಾಸ್ತಿಯಿತ್ತು.
ಬೆಳಿಗ್ಗೆ ಬಂದಾಗೆಲ್ಲ ಮನೆಯ ಎಲ್ಲ ದೀಪ ಉರಿಯುತ್ತಿದ್ದವು.
ಕರೆಂಟಿನ ಬಿಲ್ಲಿಗೆ ಬೈದಿದ್ದೇನೆ.

ಪಾಳಿ ಮುಗಿಸಿ ವಿನಿಪೆಗ್‌ಗೆ ಫೋನು ಮಾಡಿದೆ.
ಆ ಮಾತು ಎತ್ತಲು ಬಾಯಿ ಬರಲಿಲ್ಲ.
"ರಾತ್ರಿ ಏನು ಉಂಡೆ?" ಎಂದು ಕೇಳಿದೆ.
"ಅಮ್ಮಾ, ಏನಾಯ್ತು ನಿನಗೆ?" ಎಂದಳು,
ಆಮೇಲೆ ಹೇಳಿದಳು. ಬಟಾಣಿ ಸೂಪು,
ಅಂಗಡಿಯ ಬ್ರೆಡ್ಡು, ಉಪ್ಪು ಹೆಚ್ಚಾಗಿತ್ತಂತೆ.

ಪುಸ್ತಕ ಮತ್ತೆ ಪೆಟ್ಟಿಗೆಗೆ ಹೋಯಿತು.
ಹಳೆಯದನ್ನು ಹೊಡೆದುಹಾಕಿಲ್ಲ, ಕೆಳಗೆ ಸೇರಿಸಿದ್ದೇನೆ:
"ಎರಡನೇ ಓದು. ನಾಲ್ಕು ಲೋಟ.
ಡಬ್ಲ್ಯು. ಎಂ. ಹೇಳಿದ್ದು ಸರಿ.
ಆದರೂ ಕೊನೆಯ ಅಧ್ಯಾಯ ಉದ್ದವಾಯಿತು,
ಇದರಲ್ಲಿ ನಾನು ಜಗ್ಗುವವಳಲ್ಲ."